ಚಳಿಗಾಲದ ‘ನೀಲಿ’ ಗುಲಾಬಿ: ಹುಬ್ಬಳ್ಳಿ-ಧಾರವಾಡದ ಅಂಗಳದಲ್ಲಿ ಬೆಳೆಸುವುದು ಹೇಗೆ?

ನಮ್ಮ ಕಡೆಯ ನರ್ಸರಿಗೆ ಹೋಗಿ “ನೀಲಿ ಗುಲಾಬಿ ಐತೇನ್ರಿ?” ಎಂದು ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಬ್ಲೂ ಮೂನ್ ಎಂಬ ತಳಿ. ಹೂ ಬಿಟ್ಟಾಗ ನೋಡಿದರೆ ಅದು ನೀಲಿ ಅಲ್ಲ, ತಿಳಿ ನೇರಳೆ. ಹೀಗಾಗಿ ಎಷ್ಟೋ ಜನ ಬೇಸರ ಮಾಡಿಕೊಂಡು ಗಿಡವನ್ನೇ ಮೂಲೆಗೆ ತಳ್ಳುತ್ತಾರೆ. ಹಾಗೆ ಮಾಡಬೇಡಿ. ಡಿಸೆಂಬರ್ ಕೊನೆಯಲ್ಲಿ, ಬೆಳಗ್ಗೆ ಏಳರ ಹೊತ್ತಿಗೆ, ಇಬ್ಬನಿ ಇನ್ನೂ ಆರದಿರುವಾಗ ಅದೇ ಗಿಡದ ಅರೆಬಿರಿದ ಹೂವನ್ನು ನೋಡಿ. ಗುಲಾಬಿ ನೀಲಿಗೆ ಎಷ್ಟು ಹತ್ತಿರ ಹೋಗಬಲ್ಲದೋ ಅಷ್ಟು ಹತ್ತಿರ ಹೋಗಿರುತ್ತದೆ.

ಈ ಲೇಖನದ ಮುಖ್ಯ ಮಾತು ಇಷ್ಟೇ. ಆ ಬಣ್ಣ ಬರುವುದು ತಂಪಿನಲ್ಲಿ. ಏಪ್ರಿಲ್ ಬಿಸಿಲಿಗೆ ಅರಳಿದ ಬ್ಲೂ ಮೂನ್ ಮಾಸಿದ ಗುಲಾಬಿ ಬಣ್ಣಕ್ಕೆ ಇಳಿಯುತ್ತದೆ. ಹಾಗಾಗಿ ಹೂ ಯಾವ ವಾರ ಅರಳಬೇಕು ಎಂದು ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಕೆಲಸ ಶುರು ಮಾಡಬೇಕು. ಧಾರವಾಡ ಸಮುದ್ರ ಮಟ್ಟದಿಂದ 700 ಮೀಟರ್‌ಗೂ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಬರುತ್ತವೆ, ಕೆಲವು ದಿನ ಇನ್ನೂ ಕೆಳಗೆ. ಈ ಬಣ್ಣದ ಗುಲಾಬಿಗೆ ಇಷ್ಟು ಚಳಿ ಧಾರಾಳ ಸಾಕು.

ಮೊದಲು ಮೋಸ ಹೋಗದಿರಿ

ಆನ್‌ಲೈನ್‌ನಲ್ಲಿ ‘ನೀಲಿ ಗುಲಾಬಿ ಬೀಜ’ ಎಂದು ಪ್ಯಾಕೆಟ್ ಮಾರುತ್ತಾರೆ. ಚಿತ್ರದಲ್ಲಿ ಆಕಾಶದ ಬಣ್ಣದ ಹೂ ಇರುತ್ತದೆ. ದಯವಿಟ್ಟು ಕೊಳ್ಳಬೇಡಿ. ಅಂಥ ಗುಲಾಬಿ ಗಿಡ ಜಗತ್ತಿನ ಯಾವ ತೋಟದಲ್ಲೂ ಇಲ್ಲ. ಇನ್ನೊಂದು ಮಾತು, ಹೆಸರಿರುವ ಗುಲಾಬಿ ತಳಿಗಳನ್ನು ಬೀಜದಿಂದ ಬೆಳೆಸಿದರೆ ತಾಯಿ ಗಿಡದಂಥದೇ ಹೂ ಬರುವುದಿಲ್ಲ. ಅವನ್ನು ಕಸಿ ಮಾಡಿಯೋ, ಟೊಂಗೆ ನೆಟ್ಟೋ ಹೆಚ್ಚಿಸುತ್ತಾರೆ.

ಹೂವಿನ ಅಂಗಡಿಯಲ್ಲಿ ಕಾಣುವ ಕಡು ನೀಲಿ ಗುಲಾಬಿ ಬಿಳಿ ಹೂವಿಗೆ ಬಣ್ಣ ಕುಡಿಸಿದ್ದು ಅಥವಾ ಬಣ್ಣ ಸಿಂಪಡಿಸಿದ್ದು. ಮದುವೆ ಮಂಟಪಕ್ಕೆ ಬೇಕೆಂದರೆ ಬಳಸಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಆಸೆಯಿಂದ ಗಿಡದ ಬುಡಕ್ಕೆ ಮೈಲುತುತ್ತ, ಬಟ್ಟೆಗೆ ಹಾಕುವ ನೀಲಿ, ಶಾಯಿ ಏನನ್ನೂ ಸುರಿಯಬೇಡಿ. ಹೂವಿನ ಬಣ್ಣ ಬದಲಾಗುವುದಿಲ್ಲ. ಮೈಲುತುತ್ತದ ನೀರು ಬೇರನ್ನೇ ಸುಡುತ್ತದೆ. ಊಟಿ, ಕೊಡಗಿನ ಕಡೆ ಹೈಡ್ರೇಂಜಿಯ ಹೂ ಮಣ್ಣಿನ ಹುಳಿಗೆ ತಕ್ಕಂತೆ ನೀಲಿಯೋ ಗುಲಾಬಿ ಬಣ್ಣವೋ ಆಗುವುದನ್ನು ನೋಡಿದವರು ಗುಲಾಬಿಯಲ್ಲೂ ಹಾಗೇ ಆಗಬಹುದು ಅಂದುಕೊಳ್ಳುತ್ತಾರೆ. ಹೈಡ್ರೇಂಜಿಯ ಹುಳಿ ಮಣ್ಣಿನಿಂದ ಅಲ್ಯೂಮಿನಿಯಂ ಹೀರಿಕೊಂಡು ನೀಲಿಯಾಗುತ್ತದೆ. ಗುಲಾಬಿಗೆ ಆ ದಾರಿ ಇಲ್ಲ.

ಗುಲಾಬಿಗೆ ನೀಲಿ ಯಾಕೆ ಬರುವುದಿಲ್ಲ?

ಬದನೆಕಾಯಿ ಸಿಪ್ಪೆಯ ನೇರಳೆ, ಬೇಲಿ ಮೇಲಿನ ಶಂಖಪುಷ್ಪದ ನೀಲಿ, ಎರಡೂ ಡೆಲ್ಫಿನಿಡಿನ್ ಎಂಬ ಬಣ್ಣದ ವಸ್ತುವಿನಿಂದ ಬರುತ್ತವೆ. ಇದನ್ನು ತಯಾರಿಸಲು ಒಂದು ಕಿಣ್ವ ಬೇಕು. ಗುಲಾಬಿ ಎಸಳಿನಲ್ಲಿ ಅದು ಇಲ್ಲ. ಗುಲಾಬಿಯ ಕೆಂಪು ಮುಖ್ಯವಾಗಿ ಸಯನಿಡಿನ್ ಎಂಬ ಇನ್ನೊಂದು ವಸ್ತುವಿನದು.

ಕುತೂಹಲದ ವಿಷಯ ಏನೆಂದರೆ, ಸಯನಿಡಿನ್‌ನಿಂದಲೂ ಅಚ್ಚ ನೀಲಿ ಬರುತ್ತದೆ. ಯುರೋಪಿನ ಗೋಧಿ ಹೊಲಗಳಲ್ಲಿ ಬೆಳೆಯುವ ಕಾರ್ನ್‌ಫ್ಲವರ್ ಎಂಬ ನೀಲಿ ಹೂವಿನಲ್ಲೂ ಕೆಂಪು ಗುಲಾಬಿಯಲ್ಲೂ ಇರುವುದು ಒಂದೇ ಬಣ್ಣದ ವಸ್ತು ಎಂದು ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ 1913ರಿಂದ 1915ರ ನಡುವೆ ತೋರಿಸಿದರು. 1915ರಲ್ಲಿ ಅವರಿಗೆ ರಸಾಯನ ಶಾಸ್ತ್ರದ ನೊಬೆಲ್ ಬಂತು. ಕಾರ್ನ್‌ಫ್ಲವರ್‌ನಲ್ಲಿ ಆ ವಸ್ತು ಕಬ್ಬಿಣ, ಮೆಗ್ನೀಸಿಯಂನಂಥ ಲೋಹಗಳ ಜೊತೆ ಬೆಸೆದುಕೊಂಡು ನೀಲಿಯಾಗುತ್ತದೆ. ಗುಲಾಬಿ ಎಸಳಿನ ರಸ ಹುಳಿ, ಅಲ್ಲಿ ಈ ಬೆಸುಗೆಯೂ ಆಗುವುದಿಲ್ಲ.

ಜಪಾನಿನ ಸನ್‌ಟೋರಿ ಕಂಪನಿ ಆಸ್ಟ್ರೇಲಿಯಾದ ಒಂದು ಸಂಸ್ಥೆಯ ಜೊತೆ 1990ರಲ್ಲಿ ನೀಲಿ ಗುಲಾಬಿ ಮಾಡುವ ಕೆಲಸ ಕೈಗೆತ್ತಿಕೊಂಡಿತು. ಪ್ಯಾನ್ಸಿ ಹೂವಿನ ಜೀನ್ ಗುಲಾಬಿಗೆ ಸೇರಿಸಿ, ಎಸಳಿನಲ್ಲಿ ಡೆಲ್ಫಿನಿಡಿನ್ ಬರುವಂತೆ ಮಾಡಿದರು. 2004ರಲ್ಲಿ ಅದನ್ನು ಪ್ರಕಟಿಸಿದರು. 2009ರಲ್ಲಿ ‘ಅಪ್ಲಾಸ್’ ಎಂಬ ಹೆಸರಿನಲ್ಲಿ ಜಪಾನಿನಲ್ಲಿ ಕೊಯ್ದ ಹೂವಾಗಿ ಮಾರಿದರು. ಎಸಳಿನ ಬಣ್ಣವೆಲ್ಲ ಹೆಚ್ಚು ಕಡಿಮೆ ಡೆಲ್ಫಿನಿಡಿನ್‌ನದೇ. ಆದರೂ ಹೂ ಕಾಣುವುದು ತಿಳಿ ನೇರಳೆಯಾಗಿ. ಇಲ್ಲೂ ಅಡ್ಡಿಯಾದದ್ದು ಎಸಳಿನ ಹುಳಿಯೇ. 2018ರಲ್ಲಿ ಚೀನಾದ ತಿಯಾಂಜಿನ್ ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಿಯಾದ ಎರಡು ಜೀನ್‌ಗಳನ್ನು ಬಿಳಿ ಗುಲಾಬಿ ಎಸಳಿಗೆ ಚುಚ್ಚಿ ನೋಡಿದರು. ಸೂಜಿ ಚುಚ್ಚಿದ ಜಾಗದ ಸುತ್ತ ನಿಜವಾದ ನೀಲಿ ಬಂತು, ಆದರೆ ಬೇಗ ಮಾಸಿಹೋಯಿತು.

ಪ್ರಯೋಗಶಾಲೆಯ ಕಥೆ ಇಲ್ಲಿಗೆ ಸಾಕು. ನಮ್ಮ ಅಂಗಳಕ್ಕೆ ಬರೋಣ.

ಯಾವ ಗಿಡ ತರಬೇಕು?

ನೇರಳೆ ಗುಲಾಬಿಗಳ ಈಗಿನ ಪೀಳಿಗೆ ಶುರುವಾದದ್ದು ‘ಸ್ಟರ್ಲಿಂಗ್ ಸಿಲ್ವರ್’ನಿಂದ ಎನ್ನಬಹುದು. ಅಮೆರಿಕದ ಗ್ಲಾಡಿಸ್ ಫಿಶರ್ 1957ರಲ್ಲಿ ಹೊರತಂದ ತಳಿ ಅದು. ಹೂ ಚಂದ, ಗಿಡ ಮಾತ್ರ ಬಲಹೀನ. ಆಮೇಲೆ 1960ರ ದಶಕದಲ್ಲಿ ಜರ್ಮನಿಯ ಗುಲಾಬಿ ತಳಿಗಾರ ಟಾಂಟೌ ಅವರ ಬ್ಲೂ ಮೂನ್ ಬಂತು. ನಮ್ಮ ಕಡೆಗೆ ನಾನು ಹೇಳುವುದು ಇದನ್ನೇ. ಗಿಡ ಸುಲಭವಾಗಿ ಸಿಗುತ್ತದೆ, ಮುಳ್ಳು ಕಡಿಮೆ, ನಿಂಬೆ ಬೆರೆತಂಥ ಗಾಢ ಪರಿಮಳ. ಎರಡನೆಯದಾಗಿ ‘ಪ್ಯಾರಡೈಸ್’ ಇಡಿ. ನೇರಳೆ ಎಸಳಿಗೆ ಕೆಂಪು ಅಂಚು, ಗಿಡವೂ ಗಟ್ಟಿ. ಗೊಂಚಲು ಹೂ ಇಷ್ಟ ಎನ್ನುವವರು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ‘ನೀಲಾಂಬರಿ’ ಸಿಕ್ಕರೆ ಬಿಡಬೇಡಿ. ‘ರಾಪ್ಸಡಿ ಇನ್ ಬ್ಲೂ’ ಎಂಬ ಇಂಗ್ಲೆಂಡಿನ ತಳಿ ಎಲ್ಲಕ್ಕಿಂತ ಕಡು ಬಣ್ಣದ್ದು. ಸಿಗುವುದು ಕಷ್ಟ, ಸಿಕ್ಕರೆ ನಿಮ್ಮ ಪುಣ್ಯ.

ಗಿಡ ಆರಿಸುವಾಗ ಮೊಬೈಲ್‌ನಲ್ಲಿ ತೋರಿಸುವ ಫೋಟೊ ನಂಬಬೇಡಿ. ಹೂ ಬಿಟ್ಟಿರುವ ಗಿಡವನ್ನೇ ನೋಡಿ ತನ್ನಿ. ಸೆಪ್ಟೆಂಬರ್ ಹೊತ್ತಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆಯುವ ಕೃಷಿ ಮೇಳಕ್ಕೆ ನರ್ಸರಿಯವರೂ ಬರುತ್ತಾರೆ. ನಾಲ್ಕು ಕಡೆ ಕೇಳಿ ಆರಿಸಲು ಒಳ್ಳೆಯ ಅವಕಾಶ. ಕಸಿಯ ಗಂಟು ಗಟ್ಟಿಯಾಗಿದೆಯೇ, ಅದರ ಮೇಲಿಂದ ಕನಿಷ್ಠ ಎರಡು ಹಸಿರು ಟೊಂಗೆ ಬಂದಿವೆಯೇ ನೋಡಿಕೊಳ್ಳಿ. ಹೂ ಎಷ್ಟಿವೆ ಎನ್ನುವುದಕ್ಕಿಂತ ಇದು ಮುಖ್ಯ.

ಮಣ್ಣು: ಎರೆ ಒಂದು ಬಗೆ, ಮಸಾರಿ ಇನ್ನೊಂದು

ಧಾರವಾಡದ ಪಶ್ಚಿಮಕ್ಕೆ ಮಸಾರಿ, ಅಂದರೆ ಕೆಂಪು ಮಣ್ಣು. ಹುಬ್ಬಳ್ಳಿ ದಾಟಿ ನವಲಗುಂದ, ಗದಗಿನ ಕಡೆ ಹೋದರೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಕೆಂಪು ಮಣ್ಣಿನವರಿಗೆ ಕೆಲಸ ಸಲೀಸು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ. ತೆಗೆದ ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಅಷ್ಟೇ.

ಎರೆ ಮಣ್ಣಿನಲ್ಲಿ ಎರಡು ತೊಂದರೆ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಅಲ್ಲಿ ಗುಂಡಿ ತೋಡಿ ನೆಡುವುದೇ ಬೇಡ, ಗುಂಡಿ ನೀರು ತುಂಬಿದ ತೊಟ್ಟಿಯಾಗುತ್ತದೆ. ನೆಲದ ಮೇಲೆ ಒಂದಡಿ ಎತ್ತರದ ಮಡಿ ಮಾಡಿ. ಕೆಂಪು ಮಣ್ಣು, ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಗೊಬ್ಬರ ಬೆರೆಸಿ ಮಡಿ ತುಂಬಿ, ಅದರಲ್ಲಿ ಗಿಡ ಹಚ್ಚಿ. ಇನ್ನೊಂದು, ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ. ಅದರಿಂದ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದೇ ಕಾರಣ. ಒಂದು ಲೀಟರ್ ನೀರಿಗೆ 2ರಿಂದ 3 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಕೆಲವು ಹನಿ ನಿಂಬೆರಸ ಹಾಕಿ ಸಂಜೆ ಎಲೆಗಳ ಮೇಲೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ.

ಒಲೆಯ ಬೂದಿ ಗುಲಾಬಿಗೆ ಒಳ್ಳೆಯದು ಎಂದು ಹಿರಿಯರು ಹಾಕುತ್ತಾರೆ. ಕೆಂಪು ಮಣ್ಣಿಗೆ ಸರಿ. ಎರೆ ಮಣ್ಣಿಗೆ ಬೂದಿ ಬೇಡವೇ ಬೇಡ, ಸುಣ್ಣದ ಗುಣ ಮತ್ತಷ್ಟು ಏರುತ್ತದೆ. ಅನುಮಾನ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಧಾರವಾಡದ ಸೈದಾಪುರ, ಗದಗಿನ ಹುಲಕೋಟಿ, ಹಾವೇರಿಯ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿ.

ಕುಂಡದಲ್ಲಿ ಬೆಳೆಸುವವರು 12 ಇಂಚಿಗಿಂತ ಚಿಕ್ಕದು ಬಳಸಬೇಡಿ, 14 ಇಂಚು ಇನ್ನೂ ಒಳ್ಳೆಯದು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಅರ್ಧ ಪಾಲು ದಪ್ಪ ಮರಳು. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಬಂದಿರುವ ನರ್ಸರಿ ಗಿಡವನ್ನು ಹಾಗೆಯೇ ಇಟ್ಟರೆ ಒಂದು ಬೇಸಿಗೆಯನ್ನೂ ದಾಟುವುದಿಲ್ಲ.

ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಎರಡು ಬೆರಳು ಮೇಲೆ ಇರಲಿ. ನಮ್ಮ ಮಳೆ, ನಮ್ಮ ಸೆಕೆಗೆ ಗಂಟು ಮಣ್ಣಿನಲ್ಲಿ ಹುದುಗಿದರೆ ಕೊಳೆಯುತ್ತದೆ. ಗಂಟಿನ ಕೆಳಗಿಂದ ಬರುವ ಚಿಗುರನ್ನು ಬುಡಸಮೇತ ಕಿತ್ತುಹಾಕಿ. “ಏಳು ಎಲೆ ಇದ್ದರೆ ಕಾಡು ಚಿಗುರು, ಐದು ಎಲೆ ಇದ್ದರೆ ಒಳ್ಳೆಯದು” ಎನ್ನುತ್ತಾರೆ. ಅದನ್ನು ನಂಬಬೇಡಿ. ಒಳ್ಳೆಯ ತಳಿಗಳಲ್ಲೂ ಏಳು ಎಲೆ ಬರುತ್ತವೆ. ಚಿಗುರು ಎಲ್ಲಿಂದ ಹುಟ್ಟಿದೆ ಎಂದು ಮಣ್ಣು ಸರಿಸಿ ನೋಡಿ. “ಹೋದ ವರ್ಷ ನೇರಳೆ ಹೂ ಇತ್ತು, ಈ ವರ್ಷ ಗುಲಾಬಿ ಬಣ್ಣದ ಸಣ್ಣ ಹೂ ಆಗಿದೆ” ಎನ್ನುವವರ ಮನೆಯಲ್ಲಿ ಆಗಿರುವುದು ಇದೇ. ಮೇಲಿನ ಬ್ಲೂ ಮೂನ್ ಸತ್ತು ಕೆಳಗಿನ ಬೇರುಗಿಡ ಬೆಳೆದಿರುತ್ತದೆ.

ಸವರುವ ದಿನ: ಎಲ್ಲವೂ ಇದರ ಮೇಲೆ ನಿಂತಿದೆ

ಸವರಿದ ಮೇಲೆ ಹೂ ಅರಳಲು ಸುಮಾರು 45ರಿಂದ 55 ದಿನ ಬೇಕು. ಚಳಿ ಜಾಸ್ತಿ ಇದ್ದರೆ ಕೆಲವು ದಿನ ತಡ. ನಮಗೆ ಹೂ ಬೇಕಾಗಿರುವುದು ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ, ಅಂದರೆ ಎಳ್ಳ ಅಮಾವಾಸ್ಯೆ, ಸಂಕ್ರಾಂತಿಯ ಸುತ್ತಮುತ್ತ. ಹಾಗಾದರೆ ಸವರುವುದು ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ 10ರ ಒಳಗೆ.

ದಸರೆಗೆ ಆಯುಧ ಪೂಜೆಯಲ್ಲಿ ಕತ್ತರಿ ತೊಳೆದಿಟ್ಟು, ಮರುದಿನವೇ ಗಿಡ ಸವರುವವರಿದ್ದಾರೆ. ಅವಸರ ಬೇಡ. ಚಿತ್ತಿ ಮಳೆ, ಸ್ವಾತಿ ಮಳೆ ಬಾಕಿ ಇರುತ್ತದೆ. ಕತ್ತರಿಸಿದ ಹಸಿ ಗಾಯಕ್ಕೆ ಮಳೆ ನೀರು ಬಿದ್ದರೆ ಟೊಂಗೆ ತುದಿಯಿಂದ ಕಪ್ಪಾಗುತ್ತಾ ಕೆಳಗಿಳಿಯುತ್ತದೆ. ಬುಡ ಮುಟ್ಟಿದರೆ ಗಿಡ ಹೋಯಿತು ಎಂದೇ ಅರ್ಥ. ನೇರಳೆ ತಳಿಗಳಲ್ಲಿ ಈ ರೋಗ ಕೆಂಪು ತಳಿಗಳಿಗಿಂತ ಬೇಗ ಹಬ್ಬುವುದನ್ನು ನೋಡಿದ್ದೇನೆ. ಸ್ವಾತಿ ಮಳೆ ಕೈಬಿಟ್ಟು, ಎರಡು ಮೂರು ದಿನ ಒಣ ಗಾಳಿ ಬೀಸಿದ ಮೇಲೆ ಕತ್ತರಿ ಹಿಡಿಯಿರಿ. ಡಿಸೆಂಬರ್‌ವರೆಗೆ ತಡ ಮಾಡಿದರೂ ನಷ್ಟವೇ. ಹೂ ಬರುವ ಹೊತ್ತಿಗೆ ಫೆಬ್ರವರಿಯ ಬಿಸಿಲು ಬಂದಿರುತ್ತದೆ, ಬಣ್ಣ ಕೈ ತಪ್ಪುತ್ತದೆ.

ಈಗ ಸವರುವ ಬಗೆ.

1. ಕತ್ತರಿ ಹರಿತವಾಗಿರಲಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಸ್ಪಿರಿಟ್ ಅಥವಾ ಡೆಟಾಲ್‌ನಲ್ಲಿ ಒರೆಸಿ.

2. ಒಣಗಿದ, ಕಪ್ಪಾದ, ಕಡ್ಡಿಯಂಥ ಸಣ್ಣ ಟೊಂಗೆಗಳನ್ನು ಮೊದಲು ತೆಗೆಯಿರಿ. ಕತ್ತರಿಸಿದ ಜಾಗದ ಮಧ್ಯ ಬೆಳ್ಳಗೆ ಕಾಣುವ ತನಕ ಕೆಳಗೆ ಬನ್ನಿ. ಕಂದು ಬಣ್ಣ ಉಳಿದಿದ್ದರೆ ರೋಗ ಇನ್ನೂ ಒಳಗಿದೆ.

3. ಒಂದನ್ನೊಂದು ಉಜ್ಜುವ ಟೊಂಗೆಗಳಲ್ಲಿ ಬಡವಾದದ್ದನ್ನು ತೆಗೆಯಿರಿ. ನಾಲ್ಕೈದು ಗಟ್ಟಿ ಟೊಂಗೆ ಹೊರಮುಖವಾಗಿ ಉಳಿಯಲಿ, ಗಿಡದ ನಡುವೆ ಗಾಳಿ ಆಡಲಿ.

4. ಉಳಿದ ಟೊಂಗೆಗಳನ್ನು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ. ಕೆಂಪು ಗುಲಾಬಿಯನ್ನು ಮೊಣಕಾಲಿಗಿಂತ ಕೆಳಗೆ ಗಟ್ಟಿಯಾಗಿ ಕಡಿದರೂ ಎದ್ದು ಬರುತ್ತದೆ. ಬ್ಲೂ ಮೂನ್ ಅಷ್ಟು ತಡೆಯುವುದಿಲ್ಲ, ಹದವಾಗಿ ಕತ್ತರಿಸಿ. ಹೊರಗೆ ಮುಖ ಮಾಡಿದ ಕಣ್ಣಿನ (ಚಿಗುರು ಮೂಡುವ ಜಾಗದ) ಕಾಲು ಇಂಚು ಮೇಲೆ, ಸ್ವಲ್ಪ ಓರೆಯಾಗಿ.

5. ಅದೇ ದಿನ ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಸಣ್ಣ ಗಾಯಕ್ಕೆ ಅರಿಶಿನ ಹಚ್ಚುವವರಿದ್ದಾರೆ. ಬೆರಳು ಗಾತ್ರದ ಟೊಂಗೆಗೆ ನಾನು ಅದನ್ನು ನಂಬುವುದಿಲ್ಲ.

ಸವರುವ ಮೊದಲು ಬೇರು ಬಿಡಿಸಿ ವಾರಗಟ್ಟಲೆ ಬಿಸಿಲಿಗೆ ಒಡ್ಡುವ ಪದ್ಧತಿಯೂ ಇದೆ. ನೇರಳೆ ತಳಿಗೆ ಬೇಡ. ನೆಲದಲ್ಲಿರುವ ಗಿಡಕ್ಕೆ ಐದಾರು ದಿನ ನೀರು ಕಡಿಮೆ ಮಾಡಿದರೆ ಸಾಕು.

ಸವರಿದ ಮೇಲೆ ಗಿಡಕ್ಕೆ ಒಂದು ಬುಟ್ಟಿ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಕೊಟ್ಟು ಮೇಲ್ಮಣ್ಣು ಕೆದಕಿ. ಹೊಸ ಚಿಗುರು ಗೇಣುದ್ದ ಆದಾಗ ಶೇಂಗಾ ಹಿಂಡಿಯನ್ನು ನಾಲ್ಕೈದು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಹಾಕಿ. ನಮ್ಮ ಕಡೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಗೊಬ್ಬರ ಇನ್ನೊಂದಿಲ್ಲ. ಮೊಗ್ಗು ಕಡಲೆ ಗಾತ್ರಕ್ಕೆ ಬಂದ ಕೂಡಲೇ ಹಿಂಡಿ ನೀರು ನಿಲ್ಲಿಸಿ. ಒಂದು ಟೊಂಗೆಯಲ್ಲಿ ಮೂರು ಮೊಗ್ಗು ಬಂದರೆ ನಡುವಿನದನ್ನು ಉಳಿಸಿ ಪಕ್ಕದವನ್ನು ಚಿವುಟಿ.

ಎರಡು ಮೂರು ಗಿಡ ಇರುವವರು ಎಲ್ಲವನ್ನೂ ಒಂದೇ ದಿನ ಸವರಬೇಡಿ. ವಾರಕ್ಕೊಂದರಂತೆ ಸವರಿದರೆ ಚಳಿಗಾಲವಿಡೀ ಹೂ ಸಿಗುತ್ತದೆ.

ಬಣ್ಣವನ್ನು ನೀಲಿಯತ್ತ ಒಯ್ಯುವುದು

ಬೆಳಗಿನ ಬಿಸಿಲು ಐದಾರು ಗಂಟೆ ಬೇಕೇ ಬೇಕು. ಮಧ್ಯಾಹ್ನ ಎರಡರ ನಂತರದ ಪಶ್ಚಿಮದ ಬಿಸಿಲು ಬೇಡ. ಮನೆಯ ಪೂರ್ವದ ಗೋಡೆಯ ಬದಿ ಒಳ್ಳೆಯ ಜಾಗ. ಟೆರೇಸ್ ಮೇಲೆ ಇಟ್ಟವರು ಪಶ್ಚಿಮಕ್ಕೆ ಹಸಿರು ನೆಟ್ ಕಟ್ಟಿ.

ಹೂ ಅರ್ಧ ಬಿರಿದಾಗ ಬೆಳಗ್ಗೆಯೇ ಕೊಯ್ದು, ನೀರಿನ ಲೋಟದಲ್ಲಿ ಇಟ್ಟು ಮನೆಯೊಳಗೆ ತನ್ನಿ. ಎಸಳು ವಯಸ್ಸಾದಂತೆ ಅದರ ಹುಳಿ ಕಡಿಮೆಯಾಗುತ್ತದೆ, ಬಣ್ಣ ನೀಲಿಯತ್ತ ವಾಲುತ್ತದೆ. ಗಿಡದಲ್ಲೇ ಬಿಟ್ಟರೆ ಅಷ್ಟರಲ್ಲಿ ಬಿಸಿಲು ಬಣ್ಣವನ್ನು ತೊಳೆದುಬಿಡುತ್ತದೆ. ಒಳಗಿಟ್ಟರೆ ಎರಡನೇ ದಿನ, ಮೂರನೇ ದಿನ ನೋಡಲು ಚಂದ. ಹಳದಿ ಬಲ್ಬಿನ ಕೆಳಗೆ ಇಡಬೇಡಿ, ಹೂ ಮಂಕಾಗಿ ಕಾಣುತ್ತದೆ. ಉತ್ತರದ ಕಿಟಕಿಯ ಬೆಳಕು ಇದಕ್ಕೆ ಹೇಳಿ ಮಾಡಿಸಿದ್ದು.

ಪಕ್ಕದಲ್ಲಿ ಏನು ಬೆಳೆಯುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಶಂಖಪುಷ್ಪದ ಬಳ್ಳಿ ಪಕ್ಕ ಬ್ಲೂ ಮೂನ್ ಇಟ್ಟರೆ ಅದು ಗುಲಾಬಿ ಬಣ್ಣದ್ದಾಗಿ ಕಾಣುತ್ತದೆ, ಯಾಕೆಂದರೆ ನಿಜವಾದ ನೀಲಿ ಪಕ್ಕದಲ್ಲೇ ಇದೆ. ಹಳದಿ ಸೇವಂತಿಗೆಯ ಜೊತೆ ಇಡಿ. ಹಳದಿಯ ಎದುರು ಕಣ್ಣು ಆ ನೇರಳೆಯಲ್ಲಿ ನೀಲಿಯನ್ನು ಹೆಚ್ಚು ಕಾಣುತ್ತದೆ. ಚಳಿಗಾಲಕ್ಕೆ ಎರಡೂ ಒಟ್ಟಿಗೆ ಅರಳುತ್ತವೆ.

ನೀರು, ರೋಗ, ಕೀಟ

ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಹುಬ್ಬಳ್ಳಿ-ಧಾರವಾಡದವರಿಗೆ ಹೇಳಬೇಕಾಗಿಲ್ಲ. ಬುಡಕ್ಕೆ ಎರಡು ಇಂಚು ಒಣ ಎಲೆ ಅಥವಾ ಶೇಂಗಾ ಹೊಟ್ಟು ಹಾಸಿದರೆ ಚಳಿಗಾಲದಲ್ಲಿ ನೆಲದ ಗಿಡಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ ನೀರು ಸಾಕು. ಗದಗಿನ ಕಡೆ ಬೋರ್‌ವೆಲ್ ನೀರು ಗಡಸು. ಅಲ್ಲಿ ಕುಂಡದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ತಿಂಗಳಿಗೊಮ್ಮೆ ಕುಂಡದ ತೂತಿನಿಂದ ನೀರು ಧಾರಾಳವಾಗಿ ಹರಿದು ಹೋಗುವಷ್ಟು ಹಾಕಿ ತೊಳೆಯಿರಿ. ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನು ಗುಲಾಬಿಗೆ ಮೀಸಲಿಡಿ.

ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ, ಬೆಳಗ್ಗೆ ಇಬ್ಬನಿ: ಬಣ್ಣಕ್ಕೆ ಬೇಕಾದ ಈ ಹವೆಯೇ ಬೂದಿ ರೋಗಕ್ಕೂ ಬೇಕು. ಎಳೆ ಎಲೆ ಮುದುಡಿ ಮೇಲೆ ಬಿಳಿ ಪುಡಿ ಕಂಡ ಕೂಡಲೇ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಿಂಪಡಿಸಿ. ಬೇಸಿಗೆಯಲ್ಲಿ ಗಂಧಕ ಬಳಸಿದರೆ ಎಲೆ ಸುಡುತ್ತದೆ.

ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಬೆಳೆಯುವವರಿಗೆ ಥ್ರಿಪ್ಸ್ ನುಸಿಯ ಬಗ್ಗೆ ಹೇಳುವುದೇನಿದೆ? ಗುಲಾಬಿಯಲ್ಲೂ ಅದರದ್ದೇ ಕಾಟ. ತಿಳಿ ಬಣ್ಣದ, ಪರಿಮಳದ ಹೂಗಳನ್ನು ಹುಡುಕಿಕೊಂಡು ಬರುತ್ತದೆ. ಎಸಳಿನ ಅಂಚು ಕಂದಾಗಿ, ಮೊಗ್ಗು ಅರಳದೆ ನಿಂತರೆ ಒಂದು ಮೊಗ್ಗನ್ನು ಬಿಳಿ ಕಾಗದದ ಮೇಲೆ ಬಡಿಯಿರಿ. ಎಳೆಯಂಥ ಸಣ್ಣ ಹುಳ ಓಡಾಡುತ್ತವೆ. ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊಡೆಯಿರಿ, ವಾರಕ್ಕೊಮ್ಮೆ. ಜೊತೆಗೆ ನೀಲಿ ಬಣ್ಣದ ಅಂಟು ಹಾಳೆ ತೂಗುಹಾಕಿ. ಥ್ರಿಪ್ಸ್‌ಗೆ ನೀಲಿ ಎಂದರೆ ತುಂಬಾ ಇಷ್ಟ, ಹೋಗಿ ಅಂಟಿಕೊಳ್ಳುತ್ತವೆ.

ಮಕ್ಕಳು ಹಿಮದ ದೇಶದಲ್ಲಿದ್ದರೆ

ನಮ್ಮೂರಿನ ಎಷ್ಟೋ ಮನೆಗಳಿಂದ ಒಬ್ಬರಾದರೂ ಕೆನಡಾ, ಅಮೆರಿಕದಲ್ಲಿದ್ದಾರೆ. ಕೆನಡಾದ ವಿನ್ನಿಪೆಗ್‌ನಲ್ಲಿರುವ ಅಣ್ಣನ ಮಗಳು ಫೋನಿನಲ್ಲಿ ಕೇಳಿದಳು: “ಕಾಕಾ, ಇಲ್ಲೆ ಐದಾರು ತಿಂಗಳ ಬರೇ ಹಿಮಾ. ಗುಲಾಬಿ ಹಚ್ಚಿದ್ರ ಬದುಕತಾವೇನ್ರಿ?” ಬದುಕುತ್ತವೆ. ಆದರೆ ನಮ್ಮ ಪಾಠವನ್ನು ಅಲ್ಲಿ ತಿರುಗಿಸಿ ಓದಬೇಕು.

ಅಲ್ಲಿ ಚಳಿ ಮೈನಸ್ 30 ಡಿಗ್ರಿಗೂ ಇಳಿಯುತ್ತದೆ. ಬ್ಲೂ ಮೂನ್ ಅದನ್ನು ತಡೆಯುವುದಿಲ್ಲ. ಮೊದಲು ಅಲ್ಲಿಗೆಂದೇ ಬೆಳೆಸಿದ ತಳಿ ಕೊಳ್ಳಬೇಕು. ಒಟ್ಟಾವಾದ ಸರಕಾರಿ ಸಂಶೋಧನಾ ತೋಟದಲ್ಲಿ ಫೆಲಿಸಿಟಾಸ್ ಸ್ವೆಡಾ ಎಂಬ ವಿಜ್ಞಾನಿ 1960ರ ದಶಕದಿಂದ ಎಕ್ಸ್‌ಪ್ಲೋರರ್ ಸರಣಿಯ ಗುಲಾಬಿಗಳನ್ನು ಬೆಳೆಸಿದರು. ‘ಮಾರ್ಟಿನ್ ಫ್ರೋಬಿಶರ್’, ‘ಜಾನ್ ಕ್ಯಾಬಟ್’, ‘ವಿಲಿಯಂ ಬ್ಯಾಫಿನ್’ ಎಂದು ಕೆನಡಾದ ಅನ್ವೇಷಕರ ಹೆಸರುಗಳು. ವಿನ್ನಿಪೆಗ್ ಇರುವ ಮ್ಯಾನಿಟೋಬಾದ ಮಾರ್ಡನ್ ಕೇಂದ್ರದಿಂದ ಪಾರ್ಕ್‌ಲ್ಯಾಂಡ್ ಸರಣಿ ಬಂತು. ಇವು ಹೆಚ್ಚಾಗಿ ಕಸಿ ಮಾಡದ, ಸ್ವಂತ ಬೇರಿನ ಗಿಡಗಳಾಗಿ ಸಿಗುತ್ತವೆ. ಮೇಲಿನದೆಲ್ಲ ಹಿಮಕ್ಕೆ ಸತ್ತರೂ ಬೇರಿನಿಂದ ಅದೇ ಹೂವಿನ ಗಿಡ ಎದ್ದು ಬರುತ್ತದೆ. ನೇರಳೆಯೇ ಬೇಕು ಎಂದರೆ 1905ರ ‘ಹಾನ್ಸಾ’ ಎಂಬ, ರುಗೋಸಾ ಜಾತಿಯ ಗುಲಾಬಿ ಇದೆ. ಕೆಂಪು ಬೆರೆತ ನೇರಳೆ, ಲವಂಗದಂಥ ಪರಿಮಳ, ಹಿಮಕ್ಕೆ ಜಗ್ಗುವುದಿಲ್ಲ.

ಕಸಿ ಗಿಡವನ್ನೇ ಹಚ್ಚುವುದಾದರೆ ಗಂಟು ಮಣ್ಣಿನಿಂದ ನಾಲ್ಕು ಇಂಚು ಕೆಳಗಿರಲಿ. ನಾವು ಮೇಲಿಡುತ್ತೇವೆ, ಅವರು ಹೂಳಬೇಕು. ಮೊದಲ ಹೆಪ್ಪುಗಟ್ಟುವ ಮಂಜು (ಫ್ರಾಸ್ಟ್) ಬೀಳುವ ಆರು ವಾರ ಮುಂಚೆ ಗೊಬ್ಬರ ನಿಲ್ಲಿಸಬೇಕು, ಇಲ್ಲವಾದರೆ ಎಳೆ ಚಿಗುರು ಬಂದು ಸಾಯುತ್ತದೆ. ಆಗ ಸವರುವುದೂ ಬೇಡ, ವಸಂತಕ್ಕೆ ಕಣ್ಣು ಉಬ್ಬಿದಾಗ ಸವರಿದರೆ ಸಾಕು. ನೆಲ ಹೆಪ್ಪುಗಟ್ಟುವ ಮೊದಲು ಒಮ್ಮೆ ಚೆನ್ನಾಗಿ ನೀರು ಕೊಟ್ಟು, ನಾಲ್ಕಾರು ಸಲ ಅಂಥ ಗಟ್ಟಿ ಮಂಜು ಬಿದ್ದ ಮೇಲೆ ಬುಡಕ್ಕೆ ಒಂದಡಿ ಎತ್ತರ ಮಣ್ಣು ಏರಿಸಿ, ಮೇಲೆ ಒಣ ಎಲೆ ಮುಚ್ಚಬೇಕು. ಇದು ಗಿಡವನ್ನು ಬೆಚ್ಚಗಿಡಲಿಕ್ಕೆ ಮಾತ್ರ ಎಂದು ಜನ ತಿಳಿಯುತ್ತಾರೆ. ಅಸಲಿಗೆ ಹಗಲು ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುವ ಆಟದಿಂದ ಟೊಂಗೆ ಸೀಳುತ್ತದೆ. ಮಣ್ಣು ಆ ಏರಿಳಿತವನ್ನೂ ತಡೆಯುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ಇನ್ನೂ ಮುಂದೆ ಹೋಗಿ, ಗಿಡದ ಪಕ್ಕ ಕಾಲುವೆ ತೋಡಿ, ಒಂದು ಬದಿಯ ಬೇರು ಸಡಿಲಿಸಿ, ಟೊಂಗೆ ಕಟ್ಟಿ, ಇಡೀ ಗಿಡವನ್ನು ಮಲಗಿಸಿ ಮಣ್ಣು ಮುಚ್ಚುತ್ತಾರೆ. ಏಪ್ರಿಲ್‌ನಲ್ಲಿ ಎಬ್ಬಿಸುತ್ತಾರೆ.

ಬ್ಲೂ ಮೂನ್ ಮೇಲೆಯೇ ಮನಸ್ಸು ನಿಂತಿದ್ದರೆ ಕುಂಡದಲ್ಲಿ ಬೆಳೆಸಿ, ಎಲೆ ಉದುರಿದ ಮೇಲೆ ಬಿಸಿ ಮಾಡದ ಗ್ಯಾರೇಜಿನ ಒಳಗೆ ಇಡಲಿ. ತಿಂಗಳಿಗೊಮ್ಮೆ ಒಂದು ಲೋಟ ನೀರು ಸಾಕು.

ನಿಮ್ಮದೇ ನೀಲಿಯ ಪ್ರಯತ್ನ

ರಾಪ್ಸಡಿ ಇನ್ ಬ್ಲೂ ತಳಿಯನ್ನು ಕೊಟ್ಟವರು ಫ್ರಾಂಕ್ ಕೌಲಿಶಾ ಎಂಬ ಹವ್ಯಾಸಿ ಬೆಳೆಗಾರ. ಎರಡು ತಳಿ ಬೆರೆಸಿ ಹೊಸದೊಂದು ತಳಿ ಮಾಡಿ ನೋಡಲು ದೊಡ್ಡ ಪ್ರಯೋಗಶಾಲೆ ಏನೂ ಬೇಕಿಲ್ಲ. ನಮ್ಮ ಡಿಸೆಂಬರ್ ಹವೆಯೂ ಇದಕ್ಕೆ ಒಪ್ಪುತ್ತದೆ.

ತಾಯಿ ಗಿಡವಾಗಿ ಗಟ್ಟಿಯಾದದ್ದನ್ನು ಆರಿಸಿ, ಪ್ಯಾರಡೈಸ್ ಇಟ್ಟು ನೋಡಿ. ಮೊಗ್ಗು ಬಿಚ್ಚುವ ಹಿಂದಿನ ದಿನ ಎಸಳು ಕಿತ್ತು, ಒಳಗಿನ ಹಳದಿ ಕೇಸರಗಳನ್ನು ಸಣ್ಣ ಕತ್ತರಿಯಿಂದ ತೆಗೆದು, ಬಟರ್ ಪೇಪರ್ ಚೀಲ ಕಟ್ಟಿ. ಬ್ಲೂ ಮೂನ್‌ನ ಕೇಸರಗಳನ್ನು ಒಂದು ಬಟ್ಟಲಲ್ಲಿ ನೆರಳಿನಲ್ಲಿ ಒಣಗಿಸಿ. ಮರುದಿನ ಬೆಳಗ್ಗೆ ತಾಯಿ ಹೂವಿನ ನಡು ಅಂಟಂಟಾದಾಗ ಆ ಪುಡಿಯನ್ನು ಕುಂಚದಿಂದ ಹಚ್ಚಿ. ಚೀಲ ಮತ್ತೆ ಕಟ್ಟಿ, ಯಾವುದಕ್ಕೆ ಯಾವುದು, ಯಾವ ದಿನ ಎಂದು ಚೀಟಿ ಬರೆದು ತೂಗುಹಾಕಿ.

ಹಿಡಿದರೆ ಕಾಯಿ ಉಬ್ಬುತ್ತದೆ. ಹಣ್ಣಾಗಿ ಬಣ್ಣ ತಿರುಗಲು ಮೂರು ನಾಲ್ಕು ತಿಂಗಳು ಬೇಕು. ಬೀಜ ತೆಗೆದು ತೊಳೆದು ಹಾಗೆಯೇ ಬಿತ್ತಿದರೆ ಬಹುಪಾಲು ಮೊಳೆಯುವುದಿಲ್ಲ. ಗುಲಾಬಿ ಬೀಜಕ್ಕೆ ಮೊದಲು ಒಂದು ಚಳಿಗಾಲ ಬೇಕು. ನಮ್ಮ ಚಳಿ ಅದಕ್ಕೆ ಸಾಲದು. ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಫ್ರಿಜ್‌ನ ಕೆಳಗಿನ ಅಂಕಣದಲ್ಲಿ ಆರರಿಂದ ಹತ್ತು ವಾರ ಇಡಿ. ಫ್ರೀಜರ್‌ನಲ್ಲಿ ಬೇಡ. ಮನೆಯವರಿಗೆ ಮೊದಲೇ ಹೇಳಿಡಿ, ಸುಮ್ನೆ ಎಸೆದುಬಿಟ್ಟಾರು. ಜೂನ್ ಹೊತ್ತಿಗೆ ತೆಗೆದು ಸಡಿಲವಾದ ಗೊಬ್ಬರ ಮಣ್ಣಿನಲ್ಲಿ ಅರ್ಧ ಇಂಚು ಆಳಕ್ಕೆ ಬಿತ್ತಿ, ಮಳೆ ನೇರ ಬೀಳದ ಕಡೆ ಇಡಿ. ಕೆಲವು ಎರಡು ಮೂರು ವಾರಕ್ಕೇ ಮೊಳೆಯುತ್ತವೆ, ಕೆಲವು ತಿಂಗಳುಗಟ್ಟಲೆ ಕಾಯಿಸುತ್ತವೆ.

ಸಸಿ ಗೇಣುದ್ದ ಆಗುವ ಮೊದಲೇ ಮೊದಲ ಹೂ ಬಿಡಬಹುದು. ಹೆಚ್ಚಿನವು ಗುಲಾಬಿ ಬಣ್ಣದವೇ ಆಗಿರುತ್ತವೆ. ಮೊದಲ ಹೂವಿನ ಬಣ್ಣ ನೋಡಿ ಗಿಡ ಕೀಳಬೇಡಿ, ಮಳೆಗಾಲದ ಹೂ ಬೇರೆ, ಚಳಿಗಾಲದ್ದು ಬೇರೆ. ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಅರಳಿದಾಗ, ಬೆಳಗಿನ ಬೆಳಕಿನಲ್ಲಿ, ಬ್ಲೂ ಮೂನ್‌ನ ಒಂದು ಹೂ ಕೈಯಲ್ಲಿ ಹಿಡಿದು ಪಕ್ಕಕ್ಕಿಟ್ಟು ಹೋಲಿಸಿ. ಅದಕ್ಕಿಂತ ಒಂದಿಷ್ಟಾದರೂ ನೀಲಿಯತ್ತ ಹೋದ ಸಸಿ ಸಿಕ್ಕರೆ ಅದರ ಟೊಂಗೆಯನ್ನು ಗಟ್ಟಿ ಬೇರುಗಿಡಕ್ಕೆ ಕಸಿ ಕಟ್ಟಿಸಿ, ಒಂದಲ್ಲ, ಎರಡು ಮೂರು ಗಿಡ ಮಾಡಿಟ್ಟುಕೊಳ್ಳಿ.